ಹನ್ನೊಂದನೆಯ ಸಂಪುಟದ ಬಗ್ಗೆ ಅಭಿಪ್ರಾಯ

ನಂಜನಗೂಡು
12 ಜೂನ್ 2023

ಕುಮಾರಿ ಕವನ ಅವರಿಗೆ,

ಶರಣು. ನನ್ನ ಹೆಸರು ಗುರುಮಲ್ಲಪ್ಪ. ಬಹುಕಾಲ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ಈಗ ಮನೆಯಲ್ಲಿದ್ದೇನೆ. ನಿಮ್ಮ ವಿಳಾಸವನ್ನು ಪತ್ರಿಕೆಯವರಿಂದ ಕೇಳಿ ಪಡೆದೆ.

ಈ ತಿಂಗಳ ಸಂಚಿಕೆಯ ‘ಓದುಗರ ಅಭಿಪ್ರಾಯ’ದಲ್ಲಿ ‘ಏಳುಗಡಿ’ ಕಾದಂಬರಿ ಮಾಲೆಯ ಬಗ್ಗೆ ನೀವು ಬರೆದದ್ದನ್ನು ಓದಿದೆ. ಹತ್ತು ಸಂಪುಟ ಬಂದಿದೆ, ಹನ್ನೊಂದರಲ್ಲಿ ಮುಗಿಯಲಿದೆ. ಇಷ್ಟು ದೊಡ್ಡ ಕಥೆಯ ಬಗ್ಗೆ “ಮೊದಲ ಮೂರು ಸಂಪುಟ ಬಿಟ್ಟು ನೇರ ನಾಲ್ಕಕ್ಕೆ ಹಾರಿದರೂ ನಷ್ಟವಿಲ್ಲ” ಎಂದಿದ್ದೀರಿ. ಇದು ಶುದ್ಧ ತಪ್ಪು. ಊರ ಗುಡಿಯ ಬೆಂಕಿಯನ್ನು ರೆಕ್ಕೆಹಾವು ಕದ್ದೊಯ್ದದ್ದು ಮೊದಲನೆಯದರಲ್ಲಿ. ಕಮ್ಮಾರನ ಮಗಳು ಅಲರಿ ಅದನ್ನು ತರುತ್ತೇನೆಂದು ಏಳು ಗಡಿ ದಾಟಲು ಹೊರಟದ್ದೂ ಅಲ್ಲೇ. “ನೀನು ಬರುವ ತನಕ ನನ್ನ ಒಲೆ ಉರಿಯುವುದಿಲ್ಲ” ಎಂದು ಅವಳ ಅವ್ವ ಹೊಸ್ತಿಲಲ್ಲಿ ಕೂತದ್ದೂ ಅಲ್ಲೇ. ಇದನ್ನೆಲ್ಲ ಹಾರಿಸಿ ನಾಲ್ಕನೆಯದರ ಯುದ್ಧ ನೋಡಿದರೆ ಅದು ಬರೀ ಸರ್ಕಸ್ಸು.

ಇನ್ನೊಂದು ಮಾತು. ಅಷ್ಟು ದೂರ ನಡೆಯುವ ಹುಡುಗಿ ಕಾಲಿಗೆ ಏನು ಹಾಕಿಕೊಂಡಿದ್ದಾಳೆಂದು ಲೇಖಕರು ಎಲ್ಲೂ ಹೇಳಿಲ್ಲ. ನೀವು ಅದನ್ನಾದರೂ ಕೇಳಬೇಕಿತ್ತು.

ಉತ್ತರ ಕೊಡುವುದಾದರೆ ಕಾಗದದಲ್ಲಿ ಬರೆಯಿರಿ. ಫೋನಿನಲ್ಲಿ ಓದುವ ಅಭ್ಯಾಸ ಈ ಮನೆಯಲ್ಲಿಲ್ಲ.

ಇತಿ,
ಗುರುಮಲ್ಲಪ್ಪ


ತಿ. ನರಸೀಪುರ
24 ಜೂನ್ 2023

ಮೇಷ್ಟ್ರಿಗೆ ಜೈ ಭೀಮ್.

ನಾನು ಇಲ್ಲಿನ ಪಶು ಆಸ್ಪತ್ರೆಯಲ್ಲಿ ಗುಮಾಸ್ತೆ. ನಿಮ್ಮ ಕಾಗದ ಆಫೀಸಿಗೇ ಬಂತು. ಕೈಬರಹದ ವಿಳಾಸ ಇರುವ ಕವರು ನೋಡಿ ನಮ್ಮ ಡಾಕ್ಟರು ಯಾರೋ ಹಸು ಸತ್ತಿದ್ದಕ್ಕೆ ದೂರು ಕೊಟ್ಟಿದ್ದಾರೆ ಅಂದುಕೊಂಡರು. ಒಡೆದು ನೋಡಿದರೆ ಬೈಸಿಕೊಂಡದ್ದು ನಾನು.

ತಪ್ಪು ಅಂದಿರಿ, ಅರ್ಧ ಒಪ್ಪುತ್ತೇನೆ. ಬೆಂಕಿ ಕದ್ದ ಅಧ್ಯಾಯ ಬೇಕು, ಅವ್ವ ಹೊಸ್ತಿಲಲ್ಲಿ ಕೂತದ್ದೂ ಬೇಕು. ಆದರೆ ಎರಡನೇ ಸಂಪುಟದಲ್ಲಿ ಕೋಟೆ ಕಟ್ಟುವುದಿದೆಯಲ್ಲ ಮೇಷ್ಟ್ರೇ, ಒಂದೊಂದು ಕಲ್ಲಿಗೂ ಒಂದೊಂದು ಪುಟ! ಓದಿ ಮುಗಿಸುವಷ್ಟರಲ್ಲಿ ನಾನೇ ಗಾರೆ ಕೆಲಸ ಕಲಿತುಬಿಟ್ಟೆ.

ನನಗೆ ಒಂದು ಅನುಮಾನ. ನಿಮ್ಮ ಕಾಗದದ ಮೇಲಿನ ಭಾಗ ಮೇಷ್ಟ್ರು ಬರೆದದ್ದು, ಸರಿ. ಕಾಲಿಗೇನು ಹಾಕಿಕೊಂಡಿದ್ದಾಳೆ ಅಂತ ಕೇಳಿದವರು ಯಾರು? ಅದು ನಿಮ್ಮ ಪ್ರಶ್ನೆ ಅಲ್ಲ. ನಮ್ಮಜ್ಜಿ ಪಾಪಮ್ಮನಿಗೆ ನಾನು ದಿನಾ ಸಂಜೆ ಈ ಕಥೆಯನ್ನು ಬಾಯಲ್ಲಿ ಹೇಳುತ್ತೇನೆ. ಅಜ್ಜಿ ಕೇಳುವುದೂ ಇಂಥದ್ದನ್ನೇ. “ಅಲ್ಲ ಕಣವ್ವ, ಆ ಆವು ಬೆಂಕಿ ನುಂಗುದ್ರೆ ಅದುಕ್ಕೆ ಒಟ್ಟೆ ಉರಿಯಾಕಿಲ್ವಾ?” ಅನ್ನುತ್ತಾಳೆ. ಯಾವ ವಿಮರ್ಶಕರು ಕೇಳಿದ್ದಾರೆ ಹೇಳಿ.

ಕವನ


ನಂಜನಗೂಡು
20 ಆಗಸ್ಟ್ 2023

ಕವನ ಅವರಿಗೆ ಶರಣು.

ನಿಮ್ಮ ಅನುಮಾನ ಸರಿ. ಕೇಳಿದವರು ನಮ್ಮ ಮನೆಯವರು, ಚನ್ನಬಸಮ್ಮ. ನಾನು ಓದುತ್ತೇನೆ, ಅವರು ಕೇಳುತ್ತಾರೆ. ಅಷ್ಟೇ ಅಲ್ಲ, ನಿಮ್ಮ ಕಾಗದ ಬಂದರೂ ಹಾಗೇ. ಅಂಚೆಯವನು ಗೇಟಿನಿಂದ ಆಚೆ ಹೋಗುವುದಕ್ಕೆ ಮುಂಚೆ ಒಡೆದು ಗಟ್ಟಿಯಾಗಿ ಓದಬೇಕು. ನಾನು ಮೊದಲು ಕಣ್ಣಾಡಿಸಿಬಿಟ್ಟರೆ “ನೀವ್ ಸೋಸಿ ಕೊಡ್ಬ್ಯಾಡಿ, ಇದ್ದಂಗೇ ಓದಿ” ಎಂದು ರೇಗುತ್ತಾರೆ. ಗಾರೆ ಕೆಲಸದ ಮಾತಿಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅವರ ತಂದೆ ದೇವನೂರಿನಲ್ಲಿ ಶ್ರಾವಣ ಮಾಸ ಪೂರ್ತಿ ಪುರಾಣ ಓದುತ್ತಿದ್ದವರು. ಜಗಲಿಯಲ್ಲಿ ದೀಪ ಹಚ್ಚಿ ಕೂತು ಓದಬೇಕು, ಕೊನೆಯ ದಿನ ಮಂಗಳ ಹಾಡಿ ಪಾನಕ ಕೋಸಂಬರಿ ಹಂಚಬೇಕು. ಶುರು ಮಾಡಿದ ಮೇಲೆ ನಡುವೆ ಬಿಡುವ ಹಾಗಿಲ್ಲ. ಮಂಗಳವಾಗುವ ತನಕ ಕೇಳುವವರು ಎದ್ದುಹೋಗುವ ಹಾಗಿಲ್ಲ. ಒಂದು ವರ್ಷ ಆ ಊರಿನ ಶಂಭುಲಿಂಗಪ್ಪ ಎಂಬ ವೃದ್ಧರು, ಇವತ್ತೋ ನಾಳೆಯೋ ಅನ್ನುವ ಸ್ಥಿತಿಯಲ್ಲಿ, ಜಗಲಿಯ ಮೂಲೆಯಲ್ಲಿ ಮಲಗಿಕೊಂಡೇ ಪೂರ್ತಿ ಪುರಾಣ ಕೇಳಿದರಂತೆ. ಮಂಗಳ ಹಾಡಿದ ಸಂಜೆ ಪ್ರಾಣ ಬಿಟ್ಟರಂತೆ. “ಕತೆ ಇಡ್ಕೊಂಡಿತ್ತು ಕಣ್ರೀ ಅವ್ರನ್ನ” ಎನ್ನುತ್ತಾರೆ ನಮ್ಮ ಮನೆಯವರು. ನಾನು ನಂಬುವುದಿಲ್ಲ. ಆದರೆ ‘ಏಳುಗಡಿ’ಯನ್ನೂ ದೀಪ ಹಚ್ಚಿಯೇ ಶುರು ಮಾಡಿಸಿದರು. ರೆಕ್ಕೆಹಾವಿನ ಕಥೆಗೆ ದೀಪ! ಯಾರಿಗಾದರೂ ಹೇಳಿದರೆ ನಗುತ್ತಾರೆ, ನೀವು ಹೇಳಬೇಡಿ.

ಹಿಂದೆ ನಾನೊಬ್ಬನೇ ಹತ್ತನ್ನೂ ಓದಿದ್ದೆ. ಅವರಿಗಾಗಿ ಮತ್ತೆ ಮೊದಲಿಂದ ಓದುತ್ತಿದ್ದೇನೆ, ಈಗ ಐದರಲ್ಲಿದ್ದೇವೆ. ಅವರಿಗೆ ಯುದ್ಧ ಬೇಡ, ಮಂತ್ರ ಬೇಡ. ಪ್ರತಿ ಸಂಜೆ ಒಂದೇ ಪ್ರಶ್ನೆ: “ಆ ಅವ್ವ ಒಲೆ ಅಚ್ಚದೆ ಕೂತವ್ಳಲ್ಲ, ಅವ್ಳಿಗೆ ಊಟ ಯಾರ್ ಕೊಡ್ತಾವ್ರೆ?”

ಗುರುಮಲ್ಲಪ್ಪ


ತಿ. ನರಸೀಪುರ
3 ಅಕ್ಟೋಬರ್ 2023

ಮೇಷ್ಟ್ರಿಗೂ ಅಮ್ಮನಿಗೂ ಜೈ ಭೀಮ್.

ಇನ್ನುಮೇಲೆ ನನ್ನ ಕಾಗದದಲ್ಲಿ ಅಮ್ಮನಿಗೆ ಅಂತ ಒಂದು ಭಾಗ ಬೇರೆ ಇರುತ್ತದೆ. ಅದನ್ನು ನೀವು ತಿದ್ದಬಾರದು.

ಅಮ್ಮಾ, ನಿಮ್ಮ ಪ್ರಶ್ನೆಯನ್ನು ನಮ್ಮಜ್ಜಿಗೆ ಹೇಳಿದೆ. “ಅಕ್ಕಪಕ್ಕದೋರು ತಂದು ಕೊಡ್ತಾರೆ ಬುಡವ್ವ, ಊರು ಅಂದ್ಮೇಲೆ” ಅಂದಳು. ಆಮೇಲೆ ತಾನೇ ತಿದ್ದಿಕೊಂಡು, “ಎಲ್ರೂ ಕೊಡಾಕಿಲ್ಲ ಅನ್ನು” ಅಂದಳು. ಆರನೇ ಸಂಪುಟದಲ್ಲಿ ನೆರೆಮನೆಯವಳು ಗಂಜಿ ತಂದುಕೊಡುವ ಒಂದು ಸಾಲಿದೆ. ಒಂದೇ ಸಾಲು. ಮೇಷ್ಟ್ರು ಓಡಿಸಿಬಿಡುತ್ತಾರೆ, ಕಿವಿ ಕೊಟ್ಟು ಹಿಡಿದುಕೊಳ್ಳಿ.

ಮೇಷ್ಟ್ರೇ, ಪತ್ರಿಕೆಯಲ್ಲಿ ಒಬ್ಬರು ‘ಏಳುಗಡಿ’ ಮಕ್ಕಳ ಕಥೆ ಅಂತ ಬರೆದಿದ್ದಾರೆ. ಇನ್ನೊಬ್ಬರು ಹೆಂಗಸು ಬೆಂಕಿ ತರುವುದು ಅಸಂಭವ ಅಂದಿದ್ದಾರೆ. ಹಾವು ಹಾರುವುದು ಸಂಭವವಂತೆ! ಅವರಿಗೆ ನೀವೇ ಒಂದು ಕಾಗದ ಜಡಿಯಿರಿ. ನಿಮ್ಮ ಕೈಲಿ ಬೈಸಿಕೊಂಡರೆ ಬುದ್ಧಿ ಬರುತ್ತದೆ, ಅದು ನನ್ನ ಸ್ವಂತ ಅನುಭವ.

ಕವನ


ನಂಜನಗೂಡು
8 ಜನವರಿ 2024

ಕವನಳಿಗೆ ಶರಣು.

ಉತ್ತರ ತಡವಾಯಿತು. ಗಂಜಿಯ ಸಾಲು ಸಿಕ್ಕಿತು. ಮೂರು ಸಲ ಓದಿಸಿದರು.

ಏಳು ಮುಗಿದು ಎಂಟಕ್ಕೆ ಬಂದಿದ್ದೇವೆ. ಓದು ನಿಧಾನ. ಚನ್ನಬಸಮ್ಮ ಈಚೆಗೆ ಮಂಚದ ಮೇಲೆ ಒರಗಿಕೊಂಡೇ ಕೇಳುತ್ತಾರೆ. ಚಳಿಗೆ ಕಾಲು ಹಿಡಿದುಕೊಂಡಿದೆ, ಬೇರೇನಿಲ್ಲ.

ಎಂಟನೆಯದರ ಭಾಷೆ ಸಡಿಲವಾಗಿದೆ. ಲೇಖಕರಿಗೆ ಅವಸರವಾದಂತೆ ಕಾಣುತ್ತದೆ. ಇಷ್ಟು ವರ್ಷ ಓದುಗರನ್ನು ನಡೆಸಿಕೊಂಡು ಬಂದವರು ಈಗೇಕೆ ಓಡಬೇಕು? ದಾರಿ ಇನ್ನಷ್ಟು ಉದ್ದ ಇದ್ದರೆ ಯಾರಿಗೆ ನಷ್ಟ?

ಗುರುಮಲ್ಲಪ್ಪ


ತಿ. ನರಸೀಪುರ
2 ಫೆಬ್ರವರಿ 2024

ಮೇಷ್ಟ್ರೇ, ಜೈ ಭೀಮ್.

ಏನಿದು, ಕೋಟೆಗೆ ಕಲ್ಲಿಟ್ಟದ್ದನ್ನು ಬೈದವಳು ನಾನು, ಉದ್ದ ಸಾಲದು ಅನ್ನುವವರು ನೀವು! ಈ ಸಲ ಕಾಗದದಲ್ಲಿ ಅಮ್ಮನ ಒಂದು ಪ್ರಶ್ನೆಯೂ ಇಲ್ಲ. ಮುನಿಸಿಕೊಂಡಿದ್ದಾರಾ?

ಅಮ್ಮಾ, ಮಂಚದ ಮೇಲೆ ಒರಗಿಕೊಂಡು ಕಥೆ ಕೇಳುವುದು, ಪಕ್ಕದಲ್ಲಿ ಗಂಡ ಓದುವುದು, ರಾಣಿ ದರ್ಬಾರು ನಿಮ್ಮದು. ನಮ್ಮಜ್ಜಿಗೆ ಹೊಟ್ಟೆಕಿಚ್ಚು. “ನಂಗೂ ಅಂಗೇ ಓದೋ ಗಂಡ ಇದ್ದಿದ್ರೆ ನಾನ್ಯಾಕೆ ಕಳೆ ಕೀಳಾಕೋಗ್ತಿದ್ದೆ” ಅಂತಾಳೆ.

ಸುದ್ದಿ ಕೇಳಿದಿರಾ? ಹನ್ನೊಂದನೆಯದು ಜೂನ್‌ನಲ್ಲಿ ಬರುತ್ತದಂತೆ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಅಲರಿ ಮನೆ ಮುಟ್ಟುತ್ತಾಳೋ ಇಲ್ಲವೋ ಹೇಳಿ ನೋಡೋಣ. ನಾನು ಮುಟ್ಟುತ್ತಾಳೆ ಅನ್ನುತ್ತೇನೆ.

ಕವನ


ನಂಜನಗೂಡು
15 ಜೂನ್ 2024

ಕವನಳಿಗೆ,

ಹತ್ತನೆಯದು ಮುಗಿಯಿತು. ಅಲರಿ ಏಳನೆಯ ಗಡಿಯ ಮುಂದೆ ಬೆಂಕಿಯ ಮಡಕೆ ಹೊತ್ತು ನಿಂತಿದ್ದಾಳೆ. ಆಚೆ ಅವಳ ಊರು. ನನ್ನ ಅಭಿಪ್ರಾಯದಲ್ಲಿ ಮಾಲೆ ಇಲ್ಲಿಗೇ ನಿಲ್ಲಬೇಕು. ಹನ್ನೊಂದನೆಯದರ ಅಗತ್ಯವೇ ಇಲ್ಲ. ನಿಂತವಳನ್ನು ನಿಂತ ಹಾಗೇ ಬಿಡುವುದು ದೊಡ್ಡ ಕಲೆ. ನಾನು ಕೊನೆಯ ಸಂಪುಟ ಕೊಳ್ಳುವುದಿಲ್ಲ, ಓದುವುದಿಲ್ಲ. ಪತ್ರಿಕೆಯನ್ನೂ ನಿಲ್ಲಿಸಿದ್ದೇನೆ. ಯಾರಾದರೂ ಕೊನೆಯನ್ನು ಬರೆದುಬಿಟ್ಟರೆ ಕಣ್ಣಿಗೆ ಬೀಳುತ್ತದೆ.

ಈಗ ಮತ್ತೆ ಒಂದನೆಯದರಿಂದ ಓದುತ್ತಿದ್ದೇವೆ.

ಗುರುಮಲ್ಲಪ್ಪ


ತಿ. ನರಸೀಪುರ
30 ಜೂನ್ 2024

ಮೇಷ್ಟ್ರೇ! ತಲೆ ನೆಟ್ಟಗಿದೆಯಾ?

ಕ್ಷಮಿಸಿ, ಜೈ ಭೀಮ್ ಮೊದಲು ಬರೆಯಬೇಕಿತ್ತು. ಆದರೆ ನೀವು ಮಾಡಿದ ಪಾಠ ಇದೇನಾ? ಮೊದಲ ಮೂರು ಬಿಡಬಹುದು ಅಂದದ್ದಕ್ಕೆ ನನ್ನನ್ನು ಹಿಡಿದು ಜಾಡಿಸಿದವರು ಈಗ ಕೊನೆಯದನ್ನೇ ಬಿಡುತ್ತೀರಾ? ಶುರು ಮಾಡಿದ್ದನ್ನು ನಡುವೆ ಬಿಡುವ ಹಾಗಿಲ್ಲ ಅಂತ ಬರೆದವರು ಯಾರು?

ನಾನು ಓದಿ ಮುಗಿಸಿದೆ. ಏನೂ ಹೇಳುವುದಿಲ್ಲ. ಮೈಸೂರಿನ ಅಂಗಡಿಗಳಲ್ಲಿ ಪ್ರತಿ ಮುಗಿದುಹೋಗಿದೆ, ಅದಕ್ಕೇ ನೀವು ಹೀಗೆ ಜಂಬ ಮಾಡುತ್ತಿದ್ದೀರಿ ಅಂತ ನನ್ನ ಲೆಕ್ಕ. ನನ್ನ ಪ್ರತಿಯನ್ನೇ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಮುಂದಿನ ತಿಂಗಳು ಒಂದು ಭಾನುವಾರ ನಾನೂ ಬಸ್ಸು ಹತ್ತಿ ಬರುತ್ತೇನೆ. ವರ್ಷದಿಂದ ಜಗಳ ಆಡುತ್ತಿದ್ದೇವೆ, ಒಂದು ಸಲ ಮುಖ ನೋಡಿಕೊಂಡು ಆಡೋಣ. ಅಮ್ಮನ ಪಕ್ಕ ಕೂತು ಕೊನೆಯ ಅಧ್ಯಾಯ ಕೇಳಬೇಕು ನನಗೆ.

ಅಮ್ಮಾ, ನೀವಾದರೂ ಬೈದು ಓದಿಸಿ.

ಕವನ


ನಂಜನಗೂಡು
8 ಜುಲೈ 2024

ಮಗು ಕವನ,

ನಿನಗೆ ನಿಜ ಹೇಳಿಬಿಡುತ್ತೇನೆ. ಚನ್ನಬಸಮ್ಮನಿಗೆ ಹೋದ ನವೆಂಬರಿನಲ್ಲಿ ಲಕ್ವ ಹೊಡೆಯಿತು. ಎಡಗೈ ಎಡಗಾಲು ಬಿದ್ದುಹೋದವು. ಏಪ್ರಿಲ್‌ನಲ್ಲಿ ಮತ್ತೊಮ್ಮೆ ಆಗಿ ಮಾತೂ ಹೋಯಿತು. ಪಕ್ಕದ ಮನೆಯ ಶಿವನಂಜಮ್ಮ ಬಂದು ಮೈ ಒರೆಸಿ ಹೋಗುತ್ತಾರೆ, ಗಂಜಿ ನಾನೇ ಚಮಚದಲ್ಲಿ ಕೊಡುತ್ತೇನೆ. ನಮಗೆ ಮಕ್ಕಳಿಲ್ಲ. ಮೈಸೂರಿನ ಡಾಕ್ಟರು ಕೈಚೆಲ್ಲಿ, ಮನೆಯಲ್ಲೇ ಇಟ್ಟುಕೊಳ್ಳಿ ಅಂದರು.

ಸಂಜೆ ನಾನು ಪುಸ್ತಕ ತೆಗೆದರೆ ಮಾತ್ರ ಕಣ್ಣು ಅರಳಿಸುತ್ತಾಳೆ. ಬಲಗೈ ಬೆರಳು ಆಡಿಸಿ, ಓದಿ ಅನ್ನುತ್ತಾಳೆ. ಎರಡನೆಯ ಸಲ ಆದಾಗ ವಾರ ಕಳೆಯುವುದೂ ಕಷ್ಟ ಅಂದಿದ್ದರು. ಕಥೆ ಹಿಡಿದುಕೊಂಡಿದೆ ಅವಳನ್ನು. ನಾನು ನಂಬುವವನಲ್ಲ, ಆದರೂ ಈಗ ನಂಬುತ್ತೇನೆ. ಹನ್ನೊಂದನೆಯದು ಓದಿ ಮಂಗಳ ಹಾಡಿದರೆ ಎದ್ದುಹೋಗಿಬಿಡುತ್ತಾಳೆ ಕಣಮ್ಮ. ನೀನು ಬಂದರೆ ಓದು ಅನ್ನುತ್ತೀಯ. ಅವಳ ಮುಂದೆ ನಿನಗೆ ಇಲ್ಲ ಅನ್ನಲು ನನ್ನ ಕೈಲಿ ಆಗುವುದಿಲ್ಲ.

ಬೇಡ. ಇದನ್ನು ನಿನಗೆ ಹಾಕುವುದಿಲ್ಲ. ಎಪ್ಪತ್ತರ ಮೇಷ್ಟ್ರಿಗೆ ಮರುಳು ಹಿಡಿದಿದೆ ಅಂದುಕೊಳ್ಳುತ್ತೀಯ. ಬೇರೆ ಬರೆಯುತ್ತೇನೆ.


ನಂಜನಗೂಡು
8 ಜುಲೈ 2024

ಕವನ ಅವರಿಗೆ,

ಪುಸ್ತಕದ ಕಟ್ಟು ತಲುಪಿತು. ಬಿಚ್ಚಿಲ್ಲ. ಅನುಕೂಲವಾದಾಗ ಹಿಂದಿರುಗಿಸುತ್ತೇನೆ.

ತಾವು ಮನೆಗೆ ಬರುವುದು ಬೇಡ. ಇಲ್ಲಿ ಅನುಕೂಲವಿಲ್ಲ. ದಯವಿಟ್ಟು ಮತ್ತೆ ಆ ಮಾತು ಎತ್ತಬೇಡಿ.

ಗುರುಮಲ್ಲಪ್ಪ


ತಿ. ನರಸೀಪುರ
5 ಆಗಸ್ಟ್ 2024

ಗುರುಮಲ್ಲಪ್ಪನವರಿಗೆ ಜೈ ಭೀಮ್.

ನಿಮ್ಮ ಕಾಗದವನ್ನು ತಿಂಗಳಿಂದ ಇಟ್ಟುಕೊಂಡು ನೋಡುತ್ತಿದ್ದೇನೆ. ‘ತಾವು’ ಅಂದಿದ್ದೀರಿ. ಕಟ್ಟು ಬಿಚ್ಚಿಲ್ಲ ಅಂದಿದ್ದೀರಿ. ಮನೆಗೆ ಬರಬೇಡಿ ಅಂದಿದ್ದೀರಿ.

ನಾನು ಮೊದಲ ಕಾಗದದಲ್ಲೇ ಜೈ ಭೀಮ್ ಅಂದೆ. ನೀವು ಶರಣು ಅಂದಿರಿ. ಸರಿ, ಗೊತ್ತಿದ್ದೂ ಬರೆಯುತ್ತಾರೆ, ದೊಡ್ಡ ಮನುಷ್ಯರು ಅಂದುಕೊಂಡೆ. ಈಗ ಅರ್ಥವಾಯಿತು. ಕಾಗದಕ್ಕೆ ಮೈಲಿಗೆ ಇಲ್ಲ, ಜಗಲಿಗೆ ಇದೆ. ನನ್ನ ಕೈಲಿದ್ದ ಪುಸ್ತಕ ದೀಪದ ಮುಂದೆ ಇಡುವುದು ಹೇಗೆ ಅಲ್ಲವೇ? ನಮ್ಮಪ್ಪ ಪ್ರೇಮ್‌ಕುಮಾರ್ ಕಾಗದ ನೋಡಿ ಮಡಚಿ ಕೊಟ್ಟರು, ಅಷ್ಟೇ. ಅವರು ಬೈದಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ನಿಮ್ಮ ಮೇಲೆ ನನಗೆ ಕೋಪ ಇದೆ. ಅಮ್ಮನ ಮೇಲಿಲ್ಲ. ನೀವು ಓದದಿದ್ದರೆ ಬಿಡಿ, ಆ ಜೀವ ಯಾಕೆ ಕಾಯಬೇಕು? ಇಲ್ಲಿಂದ ಮುಂದೆ ಅಮ್ಮನಿಗೆ ಬರೆದದ್ದು.

ಅಮ್ಮಾ, ಹನ್ನೊಂದನೆಯದರ ಕೊನೆ ಹೇಳುತ್ತೇನೆ, ಕೇಳಿ. ಅಲರಿ ಏಳನೆಯ ಗಡಿ ದಾಟುತ್ತಾಳೆ. ಕಾಲೆಲ್ಲ ಒಡೆದಿರುತ್ತದೆ, ನೀವು ಕೇಳಿದ್ದಿರಲ್ಲ, ಚಪ್ಪಲಿ ಇಲ್ಲ ಅವಳಿಗೆ. ಊರು ಸೇರುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ಅವ್ವ ಹೊಸ್ತಿಲಲ್ಲೇ ಕೂತಿದ್ದಾಳೆ. ಕಣ್ಣು ಮಂಜಾಗಿದೆ, ಆದರೆ ಹೆಜ್ಜೆ ಸಪ್ಪಳದಲ್ಲೇ ಗುರುತು ಹಿಡಿಯುತ್ತಾಳೆ. ಅಪ್ಪಿಕೊಳ್ಳುವುದಿಲ್ಲ, ಅಳುವುದಿಲ್ಲ. “ಬಂದ್ಯಾ? ಒಲೆ ಹಚ್ಚು, ಹಸಿದಿದ್ದೀನಿ” ಅನ್ನುತ್ತಾಳೆ. ಅಲರಿ ಮಡಕೆಯ ಬೆಂಕಿಯಿಂದ ಒಲೆ ಹಚ್ಚಿ ಅಡುಗೆ ಮಾಡುತ್ತಾಳೆ. ಇಬ್ಬರೂ ಎದುರುಬದುರು ಕೂತು ಉಣ್ಣುತ್ತಾರೆ. ಅವ್ವ ಹೊಟ್ಟೆತುಂಬ ಉಂಡಳು ಅಮ್ಮಾ. ಕಥೆ ಅಲ್ಲಿಗೆ ಮುಗಿಯುತ್ತದೆ.

ಇನ್ನು ನಾನು ಬರೆಯುವುದಿಲ್ಲ. ಪುಸ್ತಕ ವಾಪಸು ಬೇಡ.

ಕವನ


ನಂಜನಗೂಡು
19 ಆಗಸ್ಟ್ 2024

ಕವನ ಅವರಿಗೆ,

ಚನ್ನಬಸಮ್ಮ ಶಿವೈಕ್ಯರಾದರು. ನಿಮ್ಮ ಕಾಗದ ಬಂದ ರಾತ್ರಿ ಕಳೆದು ಬೆಳಗಿನಲ್ಲಿ.

ನವೆಂಬರಿನಿಂದ ಅವರು ಹಾಸಿಗೆ ಹಿಡಿದಿದ್ದರು. ಲಕ್ವ. ಮಾತಿರಲಿಲ್ಲ. ನಿಮಗೆ ತಿಳಿಸಿರಲಿಲ್ಲ. ಹನ್ನೊಂದನೆಯದನ್ನು ನಾನು ಓದದೆ ಇಟ್ಟಿದ್ದು ಯಾವ ಮೈಲಿಗೆಗೂ ಅಲ್ಲ. ಮಂಗಳವಾಗದಿದ್ದರೆ ಅವರು ಎದ್ದುಹೋಗುವುದಿಲ್ಲ ಎಂದು ಕಾದು ಕೂತಿದ್ದೆ. ನಗುವುದಾದರೆ ನಗಿ.

ನಿಮ್ಮ ಕಾಗದವನ್ನು ಎಂದಿನಂತೆ ಅವರ ಮಂಚದ ಪಕ್ಕ ಕೂತು ಒಡೆದು ಗಟ್ಟಿಯಾಗಿ ಓದಿದೆ. ಮೊದಲೇ ಕಣ್ಣಾಡಿಸುವ ರೂಢಿ ಈ ಮನೆಯಲ್ಲಿ ಇರಲಿಲ್ಲ. ನಾನು ತಿಂಗಳುಗಟ್ಟಲೆ ತಡೆದು ಹಿಡಿದದ್ದನ್ನು ನೀವು ಅರ್ಧ ಪುಟದಲ್ಲಿ ಮಂಗಳ ಹಾಡಿ ಮುಗಿಸಿದಿರಿ.

ಇಷ್ಟು ತಿಳಿಸಬೇಕಿತ್ತು.

ಗುರುಮಲ್ಲಪ್ಪ


ತಿ. ನರಸೀಪುರ
10 ನವೆಂಬರ್ 2024

ಮೇಷ್ಟ್ರೇ,

ಏನಂತ ಶುರು ಮಾಡಲಿ. ಎಷ್ಟೋ ಸಲ ಬರೆದು ಹರಿದೆ. ಅಮ್ಮ ಹೋದರು ಅನ್ನುವ ಸಾಲನ್ನು ಆಫೀಸಿನಲ್ಲಿ ನಿಂತುಕೊಂಡೇ ಓದಿದೆ. ಕೂಗಿಕೊಂಡುಬಿಟ್ಟೆನಂತೆ, ನನಗೆ ಗೊತ್ತಿಲ್ಲ. ಹಸು ಹಿಡಿದುಕೊಂಡು ನಿಂತಿದ್ದವರೆಲ್ಲ ಒಳಗೆ ಬಂದರು. ಯಾರು ಹೋದರು ಅಂತ ಕೇಳಿದರೆ ಏನು ಹೇಳಲಿ? ನಾನು ಅವರ ಮುಖ ನೋಡಿಲ್ಲ. ಆದರೂ ನಮ್ಮವರು ಅಂದೆ.

ಮಂಚದ ಮೇಲೆ ರಾಣಿ ದರ್ಬಾರು ಅಂತ ಬರೆದಿದ್ದೆ ನಾನು. ಅಯ್ಯೋ ಮೇಷ್ಟ್ರೇ. ಒಂದು ಮಾತು ಹೇಳಬಾರದಿತ್ತಾ? ಹೇಳಿದ್ದರೆ ನಾನು ಸಂಪುಟವನ್ನು ಹರಿದು ಕಾವೇರಿಗೆ ಹಾಕುತ್ತಿದ್ದೆ. ನಿಮ್ಮನ್ನು ಏನೇನೋ ಅಂದುಬಿಟ್ಟೆ. ನಮಗೆ ಬಾಗಿಲು ಹಾಕಿದವರು ಬಹಳ ಜನ. ಅದಕ್ಕೇ ಯಾರು ಬಾಗಿಲು ಹಾಕಿದರೂ ಅದೇ ಅನ್ನಿಸುತ್ತದೆ.

ಇನ್ನೊಂದು ಹೇಳಬೇಕು. ಇದನ್ನು ಹೇಳಿದರೆ ತಪ್ಪಿಸಿಕೊಳ್ಳುತ್ತಿದ್ದಾಳೆ ಅಂದುಕೊಳ್ಳುತ್ತೀರಿ ಅಂತ ಇಷ್ಟು ದಿನ ಹೆದರಿದೆ. ಅಜ್ಜಿ ಬಿಡಲಿಲ್ಲ. “ಬರೀದೆ ಕೂತ್ರೆ ಒಟ್ಟೇಲಿ ಕಲ್ಲಾಯ್ತದೆ ಕಣವ್ವ, ಬರಿ” ಅಂದಳು.

ನಾನು ಅಮ್ಮನಿಗೆ ಬರೆದದ್ದು ಹನ್ನೊಂದನೆಯದರ ಕೊನೆ ಅಲ್ಲ.

ಪುಸ್ತಕದಲ್ಲಿ ಬೇರೆ ಇದೆ. ಅದನ್ನು ಓದಿದ ದಿನ ನಾನು ಪುಸ್ತಕವನ್ನು ಗೋಡೆಗೆ ಎಸೆದಿದ್ದೆ. ಅಜ್ಜಿಗೆ ಹೇಳಲು ಬಾಯಿ ಬರಲಿಲ್ಲ. “ಆ ತಾಯ್ನ ಏನಾರ ಸಾಯ್ಸುದ್ರೆ ನಿನ್ ಕತೆನೂ ಬ್ಯಾಡ ನೀನೂ ಬ್ಯಾಡ ಓಗು” ಅಂತ ಮೊದಲೇ ಹೆದರಿಸಿದ್ದಳು. ಅವಳಿಗಾಗಿ ನಾನೇ ಒಂದು ಕೊನೆ ಕಟ್ಟಿ ಹೇಳಿದ್ದೆ. ನಿಮ್ಮ ಮೇಲೆ ಅಷ್ಟು ಕೋಪ ಇದ್ದಾಗಲೂ ಅಮ್ಮನಿಗೆ ಬರೆಯುವಾಗ ನಿಜವಾದದ್ದಕ್ಕೆ ಕೈ ಬರಲಿಲ್ಲ. ದಿನಾ ಅವ್ವನ ಊಟ ವಿಚಾರಿಸುತ್ತಿದ್ದವರಿಗೆ ಅದನ್ನು ಹೇಗೆ ಬರೆಯಲಿ? ಅಜ್ಜಿಗೆ ಹೇಳಿದ್ದನ್ನೇ ಬರೆದೆ. ನೀವಂತೂ ಓದುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ ಅಂದುಕೊಂಡೆ.

ನಾನು ಒಂದು ಸುಳ್ಳು ಹೇಳಿ ಅವರನ್ನು ಕಳಿಸಿದೆ. ಹಾಗಾದರೆ ಮಂಗಳ ಆಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿರಬೇಕು. ನನ್ನನ್ನು ಬೈಯಿರಿ, ಮೊದಲಿನ ಹಾಗೆ ಬೈಯಿರಿ, ಆದರೆ ‘ತಾವು’ ಅನ್ನಬೇಡಿ.

ಕವನ


ನಂಜನಗೂಡು
3 ಜನವರಿ 2025

ಮಗು ಕವನ,

ನಿನ್ನ ಕಾಗದವನ್ನು ಗಟ್ಟಿಯಾಗಿ ಓದಿದೆ. ಕೇಳುವವರಿಲ್ಲದಿದ್ದರೂ ಬಾಯಿ ತಾನಾಗಿ ಓದುತ್ತದೆ. ಪಕ್ಕದ ಮನೆಯ ಶಿವನಂಜಮ್ಮ ಯಾರೋ ಬಂದಿದ್ದಾರೆ ಅಂತ ಎರಡು ಲೋಟ ಕಾಫಿ ತಂದಿಟ್ಟು ಹೋದರು.

ಮೊದಲು ಬಾಗಿಲ ವಿಷಯ. ಹೇಳದೆ ಬಾಗಿಲು ಹಾಕಿದವನು ನಾನು. ಯಾಕೆ ಹಾಕಿದೆ ಅಂತ ಊಹಿಸುವ ಕೆಲಸ ನಿನಗೆ ಬಿಟ್ಟೆ. ನೀನು ಊಹಿಸಿದ್ದರಲ್ಲಿ ನಿನ್ನ ತಪ್ಪಿಲ್ಲ. ನಿಮ್ಮಪ್ಪ ಆ ಕಾಗದ ಮಡಚಿ ಕೊಟ್ಟರು ಅಂದೆಯಲ್ಲ, ಅದು ನನ್ನನ್ನು ಕಾಡುತ್ತದೆ. ಅವರನ್ನೂ ಅಜ್ಜಿಯನ್ನೂ ಕರೆದುಕೊಂಡು ಬಾ. ಊಟ ಇಲ್ಲೇ. ನನ್ನ ಅಡುಗೆ ಸುಮಾರು, ಅದರ ಬಗ್ಗೆ ಅಭಿಪ್ರಾಯ ಪತ್ರಿಕೆಗೆ ಬರೆಯಬಾರದು.

ಆ ದಿನ ನಡೆದದ್ದನ್ನು ಪೂರ್ತಿ ಹೇಳಿರಲಿಲ್ಲ. “ಕೊನೆ ಹೇಳುತ್ತೇನೆ, ಕೇಳಿ” ಎಂಬಲ್ಲಿ ನಾನು ನಿಲ್ಲಿಸಿದೆ ಕಣಮ್ಮ. ಕಾಗದ ಮಡಚಿದೆ. ಚನ್ನಬಸಮ್ಮ ಬೆರಳು ಆಡಿಸಿದಳು. ನಾನು ಆಮೇಲೆ ಅಂದೆ. ಮತ್ತೆ ಆಡಿಸಿದಳು. ನಾನು ಮುಖ ಆಚೆ ತಿರುಗಿಸಿಕೊಂಡೆ. ಆಗ ಆ ಬೆರಳುಗಳು ನನ್ನ ಮಣಿಕಟ್ಟು ಹಿಡಿದವು. ಎಲ್ಲಿತ್ತೋ ಆ ಶಕ್ತಿ. ಹತ್ತು ಮುಗಿದು ಮತ್ತೆ ಒಂದಕ್ಕೆ ಹೋದಾಗಲೇ ಅವಳಿಗೆ ಗೊತ್ತಾಗಿತ್ತು, ನಾನು ಏನು ಮಾಡುತ್ತಿದ್ದೇನೆ ಅಂತ. ಸಾಕು ಬಿಡ್ರೀ ಅನ್ನುವ ಹಾಗೆ ನೋಡಿದಳು. ಆ ಮೈಯಲ್ಲಿ ಇರುವುದು ಅವಳಿಗೆಷ್ಟು ನೋವೋ, ನನಗೆ ಅವಳು ಇದ್ದರೆ ಸಾಕಾಗಿತ್ತು. ಓದಿದೆ. ಅವ್ವ ಹೊಟ್ಟೆತುಂಬ ಉಂಡಳು ಎಂಬಲ್ಲಿ ಅವಳ ಮುಖ ಒಂದು ಕಡೆಯಲ್ಲಿ ಮಾತ್ರ ನಕ್ಕಿತು, ಇನ್ನೊಂದು ಕಡೆ ನಗಲು ಆಗುತ್ತಿರಲಿಲ್ಲ. ಆಮೇಲೆ ನಿದ್ದೆ ಹೋದಳು. ಹಾಗೇ ಹೋದಳು. ನಿನ್ನ ಮೇಲೆ ಹಾಕಿದ್ದು ನನ್ನ ಸಂಕಟ. ಅದನ್ನು ಹೊತ್ತುಕೊಂಡು ನೀನು ಮೂರು ತಿಂಗಳು ಕಳೆದೆ. ಅದನ್ನು ಇಳಿಸು.

ಸುಳ್ಳು ಅಂದಿದ್ದೀಯ. ಅವಳ ತಂದೆ ಪುರಾಣ ಓದುವಾಗ ಜಗಲಿಯಲ್ಲಿ ಬಸುರಿ ಹೆಂಗಸು ಕೂತಿದ್ದರೆ ಸಾವಿನ ಸಂಧಿಯನ್ನು ಓದದೆ ಬಾಯಲ್ಲಿ ಬೇರೆ ಹೇಳಿ ದಾಟಿಸುತ್ತಿದ್ದರಂತೆ. ಕೇಳುವವರನ್ನು ನೋಡಿ ಓದಬೇಕು. ಅದು ಓದುವವರ ಧರ್ಮ.

ನಿನ್ನ ಕಾಗದ ಬಂದ ಮೇಲೆ ಹನ್ನೊಂದನೆಯದರ ಕಟ್ಟು ಬಿಚ್ಚಿದೆ. ದೀಪ ಹಚ್ಚಿ ಖಾಲಿ ಮಂಚದ ಪಕ್ಕ ಕೂತು ದಿನಕ್ಕಿಷ್ಟು ಓದಿದೆ. ನಿನ್ನೆ ಮುಗಿಯಿತು. ಅಲರಿ ಊರು ಸೇರುವ ಹಿಂದಿನ ದಿನವೇ ಅವ್ವ ಹೋಗಿರುತ್ತಾಳೆ, ಊರವರು ಮಣ್ಣು ಮಾಡಿರುತ್ತಾರೆ. ಹುಡುಗಿ ತಣ್ಣಗಿರುವ ಒಲೆ ಹಚ್ಚಿ, ಒಬ್ಬಳಿಗೇ ಅಂತ ಅಂದಾಜು ಸಿಗದೆ ಇಬ್ಬರಿಗಾಗುವಷ್ಟು ಬೇಯಿಸಿ, ಹೊಸ್ತಿಲ ಕಡೆ ನೋಡುತ್ತ ಉಣ್ಣುತ್ತಾಳೆ.

ನೀನು ಪುಸ್ತಕವನ್ನು ಗೋಡೆಗೆ ಎಸೆದೆ ಅಂದೆ. ನನ್ನ ಅಭಿಪ್ರಾಯ ಬೇರೆ. ಲೇಖಕರು ಆ ಎರಡು ಪುಟ ಒಂದಕ್ಷರ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಬರೆದಿದ್ದಾರೆ. ಉಣ್ಣುವುದು ಹಾಗೇ ಕಣಮ್ಮ. ನಾನೂ ಹಾಗೇ ಉಣ್ಣುತ್ತಿದ್ದೇನೆ.

ಒಂದು ಕಥೆಗೆ ಎರಡು ಕೊನೆ ಇದ್ದವು. ಚನ್ನಬಸಮ್ಮನಿಗೆ ನಿನ್ನದು ಸಿಕ್ಕಿತು, ನನಗೆ ಲೇಖಕರದ್ದು ಸಿಕ್ಕಿತು. ಅದಲುಬದಲಾಗಲಿಲ್ಲವಲ್ಲ, ಅಷ್ಟು ಸಾಕು.

ಗುರುಮಲ್ಲಪ್ಪ